ಭಾವ ಪಾಸ್ ಮಾಡಿದ ಫ್ರೇಮು

ನಮ್ಮ ಭಾವನ ಬಲಗೈ ಹೆಬ್ಬೆರಳಿನ ಉಗುರು ಹಳದಿಗಟ್ಟಿ, ಎಮ್ಮೆ ಕೊಂಬಿನಂತೆ ಗಟ್ಟಿಯಾಗಿ, ಬೆರಳು ದಾಟಿ ಬೆಳೆದಿತ್ತು. ಮೈಸೂರಿನ ಒಂದು ಕಾರ್ಖಾನೆಯಲ್ಲಿ ತಯಾರಾದ ಮಾಲನ್ನು ತಪಾಸಣೆ ಮಾಡುವುದು ಅವರ ಕೆಲಸ. ಬೆಸುಗೆಯ ಮೇಲೆ ಆ ಉಗುರು ಎಳೆದರೆ ಕಣ್ಣಿಗೆ ಕಾಣದ ಬಿರುಕೂ ಸಿಕ್ಕಿಬೀಳುತ್ತಿತ್ತಂತೆ. ಮನೆಗೆ ಬಂದ ಮೇಲೂ ಉಗುರಿಗೆ ರಜೆ ಇರಲಿಲ್ಲ. ಊಟದ ತಟ್ಟೆ, ಬಾಗಿಲ ಚೌಕಟ್ಟು, ನೆಂಟರು ತಂದ ಹಿತ್ತಾಳೆ ಚೊಂಬು, ಎಲ್ಲದರ ಅಂಚಿಗೂ ಒಂದು ಸಲ ಎಳೆದು ನೋಡುತ್ತಿದ್ದರು. ಸರಿಯಿಲ್ಲದಿದ್ದರೆ ಒಂದೇ ಮಾತು: "ರಿಜೆಕ್ಟು."

ನನ್ನನ್ನೂ ಹಾಗೇ ನೋಡಿದರು. ದೇವಲಾಪುರದ ನಮ್ಮ ಮನೆಗೆ ತಮ್ಮನನ್ನು ಕರೆದುಕೊಂಡು ಹೆಣ್ಣು ನೋಡಲು ಬಂದಿದ್ದರು. ಚಿಕ್ಕಂದಿನಲ್ಲಿ ಅಟ್ಟದಿಂದ ಬಿದ್ದು ನನ್ನ ಎಡಗಾಲು ಸ್ವಲ್ಪ ಎಳೆಯುತ್ತದೆ. ನಾನು ಕಾಫಿ ಕೊಟ್ಟು ಒಳಗೆ ಹೋಗುವ ತನಕ ಕಾಲನ್ನೇ ನೋಡಿ, ನಮ್ಮಪ್ಪನ ಎದುರಿಗೇ ಅಂದರು: "ಎಣ್ಣು ಲಕ್ಷಣವಾಗವ್ಳೆ ಗೌಡ್ರೇ. ಆದ್ರೆ ಇಂಥ ಮಾಲ್ನ ನಮ್ ಫ್ಯಾಕ್ಟ್ರೀಲಿ ಸೆಕೆಂಡ್ಸು ಅಂತೀವಿ. ಬ್ಯಾರೆ ಗೋಡೌನ್ಗೆ ಓಯ್ತದೆ." ಬಾಗಿಲ ಹಿಂದೆ ನಿಂತಿದ್ದ ನನಗೆ ಕೇಳಿಸಿತು. ಕೇಳಿಸಲಿ ಎಂದೇ ಹೇಳಿದ್ದು. ಅಣ್ಣನ ಮುಂದೆ ಬಾಯಿ ಬಿಡದ ನನ್ನ ಗಂಡ ಅವತ್ತು ಅದೆಲ್ಲಿಂದ ಧೈರ್ಯ ತಂದುಕೊಂಡನೋ, "ನಂಗೆ ಒಪ್ಗೆ ಐತೆ" ಅಂದುಬಿಟ್ಟ. ಆ ಮಾತಿನ ಮೇಲೆ ನಾನು ಪಾಂಡವಪುರದ ಆ ಮನೆ ಸೇರಿದೆ. ಆದರೆ ಭಾವನ ಬಾಯಲ್ಲಿ ನನ್ನ ಹೆಸರು ಕೊನೆಯವರೆಗೂ "ಸೆಕೆಂಡ್ಸು" ಎಂದೇ ಉಳಿಯಿತು.

ಭಾವನ ಹೆಂಡತಿಯನ್ನು ನಾನು ಅಕ್ಕ ಅನ್ನುತ್ತೇನೆ. ಸಿಂಧಘಟ್ಟದ ಒಕ್ಕಲು ಮನೆಯ ಹೆಣ್ಣುಮಗಳು. ಬೈದರೆ ತಲೆ ತಗ್ಗಿಸುವುದು, ಬೈದು ಮುಗಿದ ಮೇಲೆ ಕಾಫಿ ತಂದಿಡುವುದು, ಇಷ್ಟೇ ಆಕೆಗೆ ಗೊತ್ತಿದ್ದದ್ದು. ಅವಳು ಹಾಗೆ ತಗ್ಗಿ ತಗ್ಗಿಯೇ ಅವರು ಅಷ್ಟು ಏರಿದರು ಎಂದು ನನಗೆ ಇವತ್ತಿಗೂ ಸಿಟ್ಟಿದೆ.

ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ, ಕೆಲಸದಲ್ಲಿ ಭಾವ ಗಟ್ಟಿಗರು. ಹಳೇ ಟ್ರಾಕ್ಟರು ಕೊಳ್ಳುವವರು ಶೀಳನೆರೆಯಿಂದೆಲ್ಲ ಬಂದು ಅವರನ್ನು ಕರೆದೊಯ್ಯುತ್ತಿದ್ದರು. ಒಮ್ಮೆ ನಾವೂ ಅತ್ತ ಕಡೆ ಮದುವೆಗೆ ಹೋಗಿದ್ದಾಗ ನಡೆದದ್ದು. ಮಾರುವವನು ಟ್ರೇಲರಿನ ಕೊಂಡಿಗೆ ಹೊಸ ಬಣ್ಣ ಹೊಡೆದು ಮಿರಮಿರ ಮಿಂಚಿಸಿದ್ದ. ಭಾವ ಉಗುರು ಎಳೆದರು, ನಿಂತರು, ಕೀಲಿಕೈ ತೆಗೆದು ಬಣ್ಣ ಕೆರೆದರು. ಕೆಳಗೆ ಬಿರುಕು. ಆ ಮನುಷ್ಯ ಕೈ ಮುಗಿದು, "ಬುಡಿ ಸಾ, ಮಗ್ಳ ಮದ್ವೆಗೆ ಮಾರ್ತಿದೀನಿ" ಅಂತ ಗೋಗರೆದ. ಭಾವ ಊರಿಗೆಲ್ಲ ಕೇಳುವ ಹಾಗೆ, "ಬಿರುಕ್ಗೆ ಬಣ್ಣ ಬಳಿಯೋನು ಕೊಲೆಗಾರ ಕಣ್ಲಾ!" ಅಂದರು. ಮಾತು ಸತ್ಯವೇ. ಆದರೆ ಹೇಳುವಾಗ ಅವರ ಮುಖದಲ್ಲಿ ಹಬ್ಬದ ಕಳೆ ಇತ್ತು, ಅದನ್ನು ನಾನು ಮರೆತಿಲ್ಲ.

ನಿವೃತ್ತಿಯಾದ ಮೇಲೆ ರಿಜೆಕ್ಟ್ ಮಾಡಲು ಮಾಲು ಸಾಲದೆ ಸೈಕಲ್ಲಿಗೆ ಬಿದ್ದರು. ನಮ್ಮ ಕಡೆ ಬೆಳಗಿನ ಹೊತ್ತು ಹೆಲ್ಮೆಟ್ಟು ಹಾಕಿಕೊಂಡು ರೇಸ್ ಸೈಕಲ್ಲಿನಲ್ಲಿ ಹೋಗುವವರನ್ನು ನೀವೂ ನೋಡಿರುತ್ತೀರಿ. ಭಾವ ಆ ಗುಂಪು ಸೇರಿದರು. ಅಲ್ಯೂಮಿನಿಯಂ ಫ್ರೇಮು ಅವರಿಗೆ "ಪಾತ್ರೆ ಅಂಗ್ಡಿ ಮಾಲು", ಕಾರ್ಬನ್ನು "ಪ್ಲಾಸ್ಟಿಕ್ಕು". ಬೇಕಾದದ್ದು ಟೈಟಾನಿಯಂ. ಮೈಸೂರಿನಲ್ಲಿ ಯಾರೋ ತಮ್ಮ ಟೈಟಾನಿಯಂ ಫ್ರೇಮನ್ನು ಮಾರುತ್ತಾರೆಂದು ತಿಳಿದು ನನ್ನ ಗಂಡನನ್ನು ಕಟ್ಟಿಕೊಂಡು ಹೊರಟರು. ಆ ಮನೆಯ ಮೊಸಾಯಿಕ್ ನೆಲದ ಮೇಲೆ ಅಂಗಾತ ಮಲಗಿ, ಟಾರ್ಚು ಹಿಡಿದು, ಒಂದೊಂದು ಬೆಸುಗೆಗೂ ಉಗುರು ಎಳೆದರಂತೆ. ನಾಣ್ಯದಿಂದ ಕೊಳವೆಗಳನ್ನು ತಟ್ಟಿ ಕಿವಿಗೊಟ್ಟರಂತೆ. ಹಿಂದಿನ ಚಕ್ರ ಕೂರುವ ಜಾಗದಿಂದ ಮುಂದಕ್ಕೆ ದಾರ ಎಳೆದು ಸೊಟ್ಟವಿದೆಯೇ ನೋಡಿದರಂತೆ. ಕಾರ್ಖಾನೆಯಲ್ಲಿ ಕೊನೆಗೆ ಮಾಡುತ್ತಿದ್ದ ಕೆಂಪು ಬಣ್ಣದ ಪರೀಕ್ಷೆಯೊಂದನ್ನು ಮಾತ್ರ ಮಾಡಲಿಲ್ಲ. "ನನ್ ಉಗುರ್ಗಿಂತಲಾ?" ಅಂದು ಪಾಸ್ ಮಾಡಿ ತಂದರು.

ಬೂದಿ ಬಣ್ಣದ ಫ್ರೇಮು, ಮೇಲೆ ಒಂದು ಹನಿ ಪೇಂಟಿಲ್ಲ. ಬಂದವರಿಗೆಲ್ಲ ಎರಡು ಬೆರಳಲ್ಲಿ ಎತ್ತಿಸುತ್ತಿದ್ದರು. "ಬೆವ್ರು ತಿನ್ನಾಕಿಲ್ಲ, ಮಳೆ ತಿನ್ನಾಕಿಲ್ಲ, ಸಮುದ್ರದ್ ನೀರ್ನಾಗ್ ಮುಳ್ಗಿಸಿದ್ರೂ ತುಕ್ಕಿಡಿಯಾಕಿಲ್ಲ. ರಸ್ತೆ ನಡುಕಾನೆಲ್ಲ ಅದೇ ನುಂಗ್ಕತದೆ" ಎಂದು ವರದಿ ಒಪ್ಪಿಸುತ್ತಿದ್ದರು. ಹಾಲಿನ ಡೈರಿಯವನು, "ಇಷ್ಟ್ ಕಾಸ್ ಸುರ್ದಿದೀರಿ, ಒಂದ್ ಕೋಟ್ ಬಣ್ಣ ಒಡ್ಸಕಾಗ್ಲಿಲ್ವಾ ಸೋಮಿ?" ಅಂದದ್ದಕ್ಕೆ, "ಬಣ್ಣ ಬೇಕಾಗದು ತಪ್ಪಿರೋ ಮಾಲ್ಗೆ" ಅಂದು ನನ್ನ ಕಡೆ ನೋಡಿದರು. ನಾನು ಅವತ್ತು ಹೊಸ ಸೀರೆ ಉಟ್ಟಿದ್ದೆ.

ಆಯುಧಪೂಜೆಯಲ್ಲಿ ಆ ಸೈಕಲ್ಲಿಗೆ ಮಾತ್ರ ಅರಿಶಿನ ಕುಂಕುಮ ನಿಷಿದ್ಧ. "ಇದೇನ್ ಎತ್ತಿನ್ ಗಾಡಿಯೇನ್ಲೇ?" ಎಂದು ಅಕ್ಕನ ಮೇಲೆ ಹಾಯುತ್ತಿದ್ದರು. ಅಕ್ಕನಿಗೆ ಅದೊಂದು ಕೊರಗು. ಮನೆಯ ಕುಡುಗೋಲು, ಮಿಕ್ಸಿ, ಸ್ಕೂಟರಿಗೆಲ್ಲ ಪೂಜೆ, ಗಂಡ ಪ್ರಾಣ ಒತ್ತೆಯಿಟ್ಟು ಏರುವ ಗಾಡಿಗೆ ಇಲ್ಲ. ಒಂದು ವರ್ಷ ತಡೆಯಲಾರದೆ, ಭಾವ ಸ್ನಾನಕ್ಕೆ ಹೋದಾಗ, ಲೋಹಕ್ಕೆ ಹಿಡಿಯಲಿ ಎಂದು ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ ಹ್ಯಾಂಡಲ್ಲಿನ ಕೆಳಗೆ ಎರಡು ಕೊಳವೆ ಸೇರುವ ಕಡೆ ದಪ್ಪಗೆ ಬಳಿದಳು.

ಭಾವ ಬಂದು ನೋಡಿದರು. ಕಡಲೆಪುರಿ ಪ್ರಸಾದಕ್ಕೆ ಬಂದ ನೆರೆಯವರೆಲ್ಲ ಅಂಗಳದಲ್ಲೇ ಇದ್ದರು. "ಗೊಡ್ಡು ಮುಂಡೇದೆ, ಒರ್ಸೆ! ಎಲ್ರ ಮುಂದೆ ಒರ್ಸು!" ಅಕ್ಕ ಸೆರಗಿನಲ್ಲೇ ಒರೆಸಿದಳು. "ಎಣ್ಣೆ ಓಗಿಲ್ಲ, ವಿಭೂತಿ ಆಕಿ ಉಜ್ಜು!" ಅವಳು ಪೂಜೆ ತಟ್ಟೆಯ ವಿಭೂತಿ ತೆಗೆದು ಬೆಸುಗೆಗೆ ಹಚ್ಚಿದಳು. ಹಚ್ಚಿದ ಬಿಳಿ ಪುಡಿಯಲ್ಲಿ, ನಾವೆಲ್ಲ ನೋಡುತ್ತಿದ್ದ ಹಾಗೇ, ಕೂದಲೆಳೆಯಂಥ ಒಂದು ಕೆಂಪು ಗೆರೆ ಮೆಲ್ಲಗೆ ಮೂಡಿತು.

ಭಾವ ಊಟಕ್ಕೆ ಕುಳಿತಾಗಲೆಲ್ಲ ಕಾರ್ಖಾನೆಯ ಕೆಂಪು ಪರೀಕ್ಷೆಯ ಪುರಾಣ ಹೇಳಿ ಹೇಳಿ ನಮಗೆ ಬಾಯಿಪಾಠವಾಗಿತ್ತು. ಕೆಂಪು ದ್ರವ ಬಳಿಯಬೇಕು, ಒರೆಸಬೇಕು, ಬಿಳಿ ಪುಡಿ ಹಾಕಬೇಕು. ಬಿರುಕಿನೊಳಗೆ ಇಳಿದ ಕೆಂಪು ಪುಡಿಗೆ ಏರಿ ಬರುತ್ತದೆ. ತಮ್ಮ ಕೆಲಸವನ್ನು ತಾವೇ ಕೂಗಿ ಕೂಗಿ ಹೆಂಡತಿಯ ಕೈಲಿ ಮಾಡಿಸಿದ್ದರು! ಅವರ ಮುಖ ಬಿಳುಚಿಕೊಂಡಿತು. ಹೆಬ್ಬೆರಳು ಗೆರೆಯ ತನಕ ಹೋಗಿ ಹಿಂದಕ್ಕೆ ಬಂತು. ನೆರೆಯವರು ಕಾಯುತ್ತಿದ್ದರು. ಒಂದು ಮಾತು ಬಂದಿದ್ದರೆ ಮುಗಿಯುತ್ತಿತ್ತು, ದಿನಕ್ಕೆ ಹತ್ತು ಸಲ ಅನ್ನುತ್ತಿದ್ದ ಮಾತೇ.

"ನೋಡು, ನಿನ್ ದರಿದ್ರ ಕುಂಕುಮ ನನ್ ಫ್ರೇಮ್ನ ತಿಂದಾಕ್ಬುಡ್ತು" ಅಂದರು ಅಕ್ಕನಿಗೆ.

ನನಗೆ ಮೈ ಉರಿದುಹೋಯಿತು. "ಸಮುದ್ರದ್ ನೀರ್ಗೇ ಜಗ್ಗದ್ದು ಒಂದ್ ಚಿಟ್ಕೆ ಕುಂಕುಮ್ಕೆ ಸತ್ತೋಯ್ತಾ ಭಾವ? ಅದು ಬಿರುಕು. ನಿಮ್ಗೂ ಗೊತ್ತು. ಆ ಸೈಕಲ್ನ ಅತ್ಬೇಡಿ."

"ಸೆಕೆಂಡ್ಸು ಮಾಲು ಫಸ್ಟ್ ಮಾಲ್ನ ಚೆಕ್ ಮಾಡ್ತದಾ?" ಎಂದು ನಕ್ಕರು. ನೆರೆಯವರೂ ನಕ್ಕರು. ಅಕ್ಕ ಒಳಗೆ ಹೋಗಿ ದೇವರ ಮನೆಯಲ್ಲಿ ಕುಳಿತಳು.

ಮಾರನೆಯ ದಿನ ನೋಡುತ್ತೇನೆ, ಒಂದು ಸ್ಟಿಕ್ಕರನ್ನೂ ಸೇರಿಸದ ಆ ಫ್ರೇಮಿನ ಮೇಲೆ, ಸರಿಯಾಗಿ ಗೆರೆಯ ಜಾಗದಲ್ಲಿ, ಒಂದು ತ್ರಿವರ್ಣದ ಸ್ಟಿಕ್ಕರು. ಅಂಗಡಿಯಲ್ಲಿ ಸಿಗುವಂಥದ್ದು. ಕೊಂಡಿಗೆ ಬಣ್ಣ ಬಳಿದಿದ್ದ ಶೀಳನೆರೆಯ ಬಡಪಾಯಿ ಕಣ್ಣ ಮುಂದೆ ಬಂದ. ನನ್ನ ಗಂಡನಿಗೆ ಹೇಳಿದೆ. ಅವನು ಅಣ್ಣನಿಗೆ ಹೇಳಿದ. ಅಣ್ಣ ತಮ್ಮನ ಜೊತೆ ಮಾತು ಬಿಟ್ಟರು. ಬಿಟ್ಟವರು ಸೈಕಲ್ಲನ್ನು ಬಿಡಲಿಲ್ಲ.

ಕಾರ್ತಿಕ ಮುಗಿಯುವುದರೊಳಗೆ ದೇವಲಾಪುರದ ಇಳಿಜಾರಿನಲ್ಲಿ, ಬಣ್ಣ ಹೊಡೆಯದ ರೋಡ್ ಹಂಪಿನ ಮೇಲೆ ಫ್ರೇಮು ಕತ್ತು ಮುರಿದುಕೊಂಡಿತು. ಭಾವನನ್ನು ಎತ್ತಿ ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದವರು ನನ್ನ ತವರಿನವರೇ. ಡಾಕ್ಟರು ಕೈಚೆಲ್ಲಿದ್ದರು, ಆದರೂ ನಾನು ಹೋದಾಗ ಅವರಿಗೆ ಪ್ರಜ್ಞೆ ಇತ್ತು. "ಎಲ್ ಬಿಟ್ಕಂತು?" ಎಂದು ಕೇಳಿದರು.

"ಸ್ಟಿಕ್ಕರ್ ತಾವ," ಅಂದೆ.

ಕಣ್ಣು ಮುಚ್ಚಿದರು. ಅಷ್ಟರಲ್ಲಿ ಅಕ್ಕ ಬಂದು ಮಂಚದ ಕಾಲಿಗೆ ತಲೆ ಇಟ್ಟು ಅತ್ತಳು. "ನನ್ನಿಂದಾಯ್ತು ಕಣ್ರೀ, ನನ್ ಕುಂಕುಮದಿಂದಾಯ್ತು. ನೀವ್ ಬ್ಯಾಡ ಅಂದ್ರೂ ಇಕ್ಬುಟ್ಟೆ." ನಾನು ಭಾವನ ಮುಖ ನೋಡಿದೆ. ಈಗಲಾದರೂ ಹೇಳಿಬಿಡಿ, ಸಾಯುವ ಹೊತ್ತಿನಲ್ಲಾದರೂ ಈ ಹೆಂಗಸಿನ ಮೇಲಿನ ಹೊರೆ ಇಳಿಸಿ ಎಂದು ಮನಸ್ಸಿನಲ್ಲೇ ಕೈ ಮುಗಿದೆ. ಭಾವ ಕಣ್ಣು ತೆರೆದು ಹೆಂಡತಿಯನ್ನು ನೋಡಿ, "ನಾನ್ ಏಳಿದ್ದೆ ತಾನೇ ನಿಂಗೆ?" ಅಂದರು. ಅದೇ ಅವರ ಕೊನೇ ಮಾತು. ಸಂಜೆಗೆ ಹೋಗಿಬಿಟ್ಟರು.

ಅಕ್ಕ ಕುಂಕುಮದ ಭರಣಿಯನ್ನೇ ಮುಟ್ಟದಾದಳು. ಈ ಕಾಲದಲ್ಲಿ ಯಾರು ಕೇಳುತ್ತಾರೆ, ಹಣೆಗೆ ಇಟ್ಟುಕೋ ಎಂದರೆ, "ನನ್ ಕೈಯಾರ ನಾನೇ ಒರ್ಸ್ಕಂಡೆ ಕಣಮ್ಮಿ" ಅನ್ನುತ್ತಿದ್ದಳು. ಸ್ಟಿಕ್ಕರಿನ ವಿಷಯ ಎಷ್ಟು ಹೇಳಿದರೂ, "ಬುಡವ್ವ, ಅವ್ರು ಬಾಯಲ್ಲಿ ಬೆಂಕಿ ಇದ್ರೂ ಸುಳ್ ಏಳ್ತಿರ್ಲಿಲ್ಲ" ಎಂಬ ಒಂದೇ ಪಲ್ಲವಿ. ಮತ್ತೆ ಆಯುಧಪೂಜೆ ಬಂತು. ಅಕ್ಕ ಅಡುಗೆ ಮನೆ ಬಿಟ್ಟು ಹೊರಗೇ ಬರಲಿಲ್ಲ. ನನಗೆ ತಡೆಯಲಾಗಲಿಲ್ಲ. ಅಟ್ಟದ ಮೇಲಿದ್ದ ಮುರಿದ ಫ್ರೇಮನ್ನು ಎಳೆದು ತಂದು ಅವಳ ಮುಂದೆ ಇಟ್ಟೆ. ಪೆಡಲ್ಲು ಕೂರುವ ಕಡೆಯ ಬೆಸುಗೆ ತೋರಿಸಿ, "ಇಲ್ಲಿಗೆ ಇಕ್ಕಿದ್ಯಾ ಅಕ್ಕ ಕುಂಕುಮ?" ಅಂದೆ.

"ಇಲ್ಲ ಕಣಮ್ಮಿ."

ಭಾವ ಹೇಳಿಕೊಟ್ಟ ಹಾಗೆ ಮಾಡಿದೆ. ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ ಬಳಿದೆ. ಇಳಿಯಲು ಬಿಟ್ಟು ಒರೆಸಿದೆ, ವಿಭೂತಿ ಹಚ್ಚಿದೆ. ಇಬ್ಬರೂ ಕಾದೆವು. ಅವಳ ಕುಂಕುಮ ಎಂದೂ ಮುಟ್ಟಿರದ ಆ ಬೆಸುಗೆಯಲ್ಲೂ ಗೆರೆ ಮೂಡಿತು. ಇದು ಮೊದಲಿನದಕ್ಕಿಂತ ಉದ್ದವಾಗಿತ್ತು.

ಅಕ್ಕ ಬಗ್ಗಿ ನೋಡಿದಳು. "ಆ ಸ್ಟಿಕ್ಕರ್ನ ಅವ್ರೇ ಅಂಟಿಸ್ಕಂಡ್ರಾ?" ಎಂದಳು.

"ಇನ್ಯಾರಕ್ಕ?"

ಪಾತ್ರೆ ತಿಕ್ಕಿ ಸವೆದ ತನ್ನ ಹೆಬ್ಬೆರಳಿನ ಉಗುರನ್ನು ಆ ಗೆರೆಯ ಮೇಲೆ ಒಂದು ಸಲ ಎಳೆದಳು. "ರಿಜೆಕ್ಟು" ಅಂದಳು. ಎದ್ದು ಹೋಗಿ ಸ್ಕೂಟರಿಗೆ ಕುಂಕುಮ ಇಟ್ಟು, ಉಳಿದದ್ದನ್ನು ತನ್ನ ಹಣೆಗೆ ಇಟ್ಟುಕೊಂಡಳು.

ಭಾವನಿಂದ ನನಗೆ ಬಂದ ಆಸ್ತಿ ಆ ಪರೀಕ್ಷೆಯೊಂದೇ. ಅದರ ಋಣ ನನ್ನ ಮೇಲಿದೆ, ಇಲ್ಲ ಅನ್ನುವುದಿಲ್ಲ.

ಹಬ್ಬ ಕಳೆದ ಮೇಲೆ ಗುಜರಿಯವನು ಬಂದ. ಫ್ರೇಮಿಗೆ ಅಯಸ್ಕಾಂತ ಹಿಡಿದ, ಅಂಟಲಿಲ್ಲ. ಎತ್ತಿ ನೋಡಿದ, ಹಗುರ. "ಇದು ಅಲ್ಮೀನಿ ಕಣವ್ವ, ಪಾತ್ರೆ ರೇಟೇಯ" ಅಂದ. ಟೈಟಾನಿಯಂ ಎನ್ನಲು ನಾನು ಬಾಯಿ ತೆರೆದೆ. ಅಕ್ಕ ನನ್ನ ಕೈ ಹಿಡಿದು ಸುಮ್ಮನಿರಿಸಿ, ಅವನಿಗೆ ಹೇಳಿದಳು: "ಊಂ, ಅಲ್ಮೀನಿನೇಯ. ತಕಂಡೋಗಪ್ಪ."