ಸೋನಟಕ್ಕಾದ ನಡಕ ಬಿಟ್ಟ ಜಾಗಾ

ಮೊನ್ನೆ ಬೆಳಗಾವಿ ಕ್ಯಾಂಪಿನ ಕಡೆ ಒಂದು ನರ್ಸರಿಯೊಳಗ ಕಾಲಿಟ್ಟಿದ್ದ ತಡ, ಎಲ್ಲಿಂದಲೋ ಸೋನಟಕ್ಕಾದ ವಾಸನಿ ಬಂತು. ಶುಂಠಿಯಂಥಾ ದಂಟಿನ ತುದಿಗೆ ಬಿಳೀ ಹೂವು, ಈರುಳ್ಳಿ ಸಿಪ್ಪಿಗಿಂತ ತೆಳ್ಳಗಿನ ಎಸಳು, ಮುಂಜಾನೆ ಮುಡದ್ರ ಸಂಜಿಕ ಬಾಡಿ ಹೋಗೂವಂಥಾದ್ದು. ನಾ ಅಲ್ಲೇ ನಿಂತಬಿಟ್ನಿ. ಹಿಂದ ಮಗಳು ಶ್ರದ್ಧಾ, "ಅವ್ವಾ, ಇವತ್ತರ ಒಂದು ಗಟ್ಟಿ ಮಾಡು ಮಾರಾಯ್ತಿ" ಅಂತ ಬೆನ್ನ ಹತ್ತಿದ್ಲು. ಹಿಂದವಾಡಿಯೊಳಗ ನಮ್ಮ ಮನಿ ಮುಂದ ಆಕಿ ಮೊಳಕಾಲಷ್ಟ ಆಳದ ಒಂದು ಹೊಂಡ ತೋಡಿಸ್ಯಾಳ, ಮೀನ ಬಿಟ್ಟಾಳ. ಅದರ ಸುತ್ತ ಯಾವ ಹೂವಿನ ಗಿಡ ಹಚ್ಚಬೇಕು ಅನ್ನೂದು ಮಾತ್ರ ನನ್ನ ಪಾಲಿಗೆ ಬಂದೈತಿ. ಮಳಿಗಾಲ ಅರ್ಧ ಮುಗೀತು, ನನಗ ಒಂದೂ ಮನಸ್ಸಿಗೆ ಬಂದಿರಲಿಲ್ಲ. ತಂದ ಗಿಡ ಹೊಳ್ಳಿ ಒಯ್ದು ಕೊಡತಿದ್ನಿ, ಹಚ್ಚಿದ್ದನ್ನ ಮರುದಿನ ಕೀಳತಿದ್ನಿ. ಮಕ್ಕೊಂಡ್ರ ನಿದ್ದಿಲ್ಲ, ಕುಂತ್ರ ಸಮಾಧಾನಿಲ್ಲ. "ನಮ್ಮ ಆಯಿ ಕಾಲಿಗೆ ಗಾಲಿ ಅದಾವ" ಅಂತ ಮೊಮ್ಮಗಳು ನಗತಿದ್ಲು. ನಗಲಿ ಬಿಡ್ರಿ. ಹೊಂಡದ ದಂಡಿಗೆ ಹೂ ಆರಸೂದು ಅಂದ್ರ ನಮ್ಮ ಮನಿತನದಾಗ ಹಗುರ ಮಾತಲ್ಲ, ಅದು ಆ ಕೂಸಿಗೆ ಏನ ಗೊತ್ತು.

ನಾ ಹುಟ್ಟಿದ್ದು ಖಾನಾಪುರದಾಗ. ಅಪ್ಪಂದು ಪ್ಯಾಟ್ಯಾಗ ಕಿರಾಣಿ ಅಂಗಡಿ. ಮನಿ ಹಿಂದ ದೊಡ್ಡ ಹಿತ್ತಲಾ, ಅದರ ನಡಬರಕ ಕೆಂಪು ಕಲ್ಲಿನ ಪಾವಟಿಗಿ ಇಳಿಸಿದ ಹೊಂಡ. ತಳದಾಗ ಸೆಲಿ ಇತ್ತು. ಸುತ್ತಲಿನ ಬಾವಿ ಎಲ್ಲಾ ಬತ್ತಿದ ಬ್ಯಾಸಗಿಯೊಳಗೂ ಅದರ ನೀರು ತಣ್ಣಗ, ಸಿಹಿ. ಆ ಹೊಂಡದಾಗ ನಮ್ಮ ಅಣ್ಣ ಬಾಬು ಮುಳುಗಿ ಹೋದ. ಇನ್ನೂ ಸಾಲಿಗೆ ಹಚ್ಚಿರಲಾರದ ಹುಡುಗ. ನಾ ಆವಾಗ ಅವ್ವನ ಹೊಟ್ಟಿಯೊಳಗ ಇದ್ನಿ. ಮಂದಿ ಎಲ್ಲಾ ಹೊಂಡ ಮುಚ್ಚಿಸಿಬಿಡ್ರಿ ಅಂದ್ರು. ಅಪ್ಪನೂ ಹೂಂ ಅಂದು ಮಣ್ಣಿನ ಗಾಡಿ ತರಿಸಿದ. ಆದ್ರ ಅವ್ವ ಆ ತುಂಬಿದ ಹೊಟ್ಟಿ ಹೊತಗೊಂಡು ಬಂದು ಎತ್ತಿನ ಮುಂದ ನಿಂತ್ಲಂತ. "ಒಂದು ಜೀವ ಹೋತಂತ ಒಳಗಿನ ಜೀವ ಎಲ್ಲಾ ಜೀವಂತ ಹುಗೀತೀರೇನ್ರಿ?" ಅಂದ್ಲಂತ. ನಾವು ಜೈನರು. ಹಾದ್ಯಾಗಿನ ಇರಿವಿ ನೋಡಿ ಕಾಲಿಡೂ ಮಂದಿ. ಮೀನು, ಕಪ್ಪಿ, ಕಣ್ಣಿಗೆ ಕಾಣಲಾರದ ಹುಳ, ಅವೆಲ್ಲಾ ಆ ನೀರಾಗ ಇದ್ದುವು. ಅಪ್ಪ ಗಾಡಿ ಹೊಳ್ಳಿಸಿದ.

ನೀರೇನೋ ಉಳೀತು. ಅದರ ಬಾಜೂಕ ಅವ್ವ ಹೆಂಗ ಬಾಳೇ ಮಾಡಬೇಕು? ಅಡಗಿ ಮನಿ ಕಿಡಕಿ ನೇರ ಹೊಂಡಕ್ಕ ಇತ್ತು. ಬಿಸಲು ಬಿದ್ದು ನೀರು ಫಳ್ ಅಂದ್ರ ಸಾಕು, ಆಕಿ ಕೈಯಾಗಿನ ರೊಟ್ಟಿ ಅಲ್ಲೇ ನಿಲ್ಲತಿತ್ತು, ಹಂಚಿನ ಮ್ಯಾಲಿಂದು ಸೀಯತಿತ್ತು. ಮುಚ್ಚೂ ಹಂಗಿಲ್ಲ, ನೋಡೂ ಹಂಗಿಲ್ಲ. ಅದಕ್ಕ ನೀರು ಕಾಣಲಾರದಂಗ ಮಾಡೂವಂಥಾ ಗಿಡ ಹುಡಕಾಕ ಹತ್ತಿದ್ಲು. ಬ್ಯಾಲಿ ಹಾಕಿಸ್ತೇನಿ ಅಂತ ಅಪ್ಪ ಅಂದ್ರ, "ಅದೇನು ಜೇಲ ಏನ್ರಿ, ಹೂವ ಇರಲಿ" ಅಂದ್ಲಂತ. ನನಗ ಬುದ್ಧಿ ಬಂದಾಗಿಂದ ಆಕಿ ಆ ದಂಡಿ ಮ್ಯಾಲ ಹಚ್ಚೂದು, ಕೀಳೂದು, ಇದನ್ನ ನೋಡಿದ್ನಿ. ಮೊದಲ ಕರ್ದಳಿ ಹಚ್ಚಿದ್ಲು, ಬಾಳಿ ಎಲಿಯಂಥಾ ಎಲಿ, ಕೆಂಪು ಹಳದಿ ಹೂವು. ಛಂದ ಇತ್ತು, ಆದ್ರ ಗಾಳಿ ಬೀಸಿದ್ರ ಎಲಿ ಹರದು ಚಿಂದಿ ಆಗಿ ನೀರು ಇಣುಕತಿತ್ತು. ದಾಸಾಳ ಹಚ್ಚಿದ್ಲು. ಅದು ಮ್ಯಾಲ ದಟ್ಟ, ಬುಡಕ್ಕ ಬೋಳು. ಒಲಿ ಮುಂದ ಕುಂತಾಗ ಕಣ್ಣು ಆ ಬೋಳಿಗೇ ಹೋಗತಿತ್ತು. ಕಣಗಲ ವಿಷ, ಎಲಿ ಉದರಿದ್ರ ಮೀನಿಗೆ ಕೇಡು ಅಂತ ತಂದಿದ್ದನ್ನ ಹೊರಗ ಹಾದಿ ದಂಡಿಗೆ ಹಚ್ಚಿ ಬಂದ್ಲು. ಕೇದಗಿಗೆ ಹಾವು ಬರತಾವ ಅಂತ ಅಪ್ಪ ಬ್ಯಾಡ ಅಂದ. ಬ್ಯಾಡ ಅಂದವನು ಮತ್ತ ಸಂತಿಗೆ ಹೋದಾಗ ಬ್ಯಾರೆ ಯಾವ್ದೋ ಗಿಡ ಹೆಗಲ ಮ್ಯಾಲ ಇಟಗೊಂಡು ಬರತಿದ್ದ. "ನಿಮ್ಮವ್ವನ ಕೈಯಾಗ ಸಿಕ್ಕ ಗಿಡಕ್ಕ ಬೇರ ಬಿಡಾಕ ಪುರುಸೊತ್ತ ಸಿಗೂದಿಲ್ಲ ನೋಡು" ಅಂತ ನನ್ನ ಮುಂದ ಚಾಷ್ಟಿ ಮಾಡಾಂವ. ಅವ್ವನ ಮುಂದ ಒಂದು ದಿನಾನೂ ಅನ್ನಲಿಲ್ಲ.

ಕಡೀಕ ಗಿಡ ಕೊಟ್ಟಾಕಿ ಬಾಜೂ ಮನಿ ಕುಂಬಾರ ಕಾಕು. ಮರಾಠಿ ಮನಿ, ಅವ್ವನ ಜೋಡಿ ಅರ್ಧ ಮರಾಠಿ ಅರ್ಧ ಕನ್ನಡ ಮಾತಾಡತಿದ್ಲು. ಒಂದು ಮಳಿಗಾಲದ ಮೊದಲ ಸೆರಗಿನ್ಯಾಗ ಮಣ್ಣು ಮೆತ್ತಿದ ಗಡ್ಡಿ ತಂದು ಸುರವಿ, "ಹೇ ಲಾವ್ ಗ, ಇದನ್ನ ಹಚ್ಚು, ನೀರಿನ ದಂಡಿಗೆ ಹುಚ್ಚ ಹಿಡದಂಗ ಬೆಳೀತದ" ಅಂದ್ಲು. ಖರೇನೂ ಹಂಗ ಆತು. ಸೋನಟಕ್ಕಾ ಬುಡದಿಂದನ ದಟ್ಟ ಆಗಿ, ಆಳಿಗಿಂತ ಎತ್ತರ ಎದ್ದು, ಹೊಂಡ ಎಲ್ಲೈತಿ ಅನ್ನೂದ ತಿಳೀದಂಗ ಮಾಡಿಬಿಡ್ತು. ಹೂ ಬಿಟ್ಟ ದಿನಾ ವಾಸನಿ ಅಡಗಿ ಮನಿ ತುಂಬ ಬಂತು. ಅವ್ವ ಕಿಡಕಿ ಮುಂದ ನಿಂತು ಅವತ್ತ ಒಂದೂ ರೊಟ್ಟಿ ಸೀಯಲಾರದಂಗ ಬೇಯಿಸಿದ್ಲು.

ಆದ್ರ ಒಂದ ಕಡೆ, ಕಿಡಕಿಗೆ ಕಾಣಲಾರದ ಮಗ್ಗಲಕ್ಕ, ಒಬ್ಬರು ಇಳಿಯೂವಷ್ಟ ಜಾಗಾ ಬಿಟ್ಟಿದ್ಲು. ನಾವು ನೀರು ಸೋಸದ ಕುಡಿಯೂದಿಲ್ಲ. ಸೋಸಿದ ಮ್ಯಾಲ ಬಟ್ಟಿಗೆ ಹತ್ತಿದ ಸೂಕ್ಷ್ಮ ಜೀವಾನ ಬಟ್ಟಲದಾಗ ತೊಳದು, ಯಾವ ನೀರಿಂದ ತಂದ್ವಿ ಅದ ನೀರಿಗೆ ಹೊಳ್ಳಿ ಬಿಡಬೇಕು. ಮ್ಯಾಲಿಂದ ಸುರವಬಾರದು, ಪೆಟ್ಟ ಹತ್ತತದ. ಬಟ್ಟಲಾ ನೀರಿಗೆ ತಾಗಿಸಿ ಸಾವಕಾಶ ಬಗ್ಗಸಬೇಕು. ದಿನಾ ಮುಂಜಾನೆ ಆ ಕೆಲಸಕ್ಕ ಅವ್ವನ ಹೋಗಬೇಕು. "ನಾ ಬಿಟ್ಟ ಬರ್ತೇನಿ, ನೀ ಯಾಕ ಆ ಕಡೆ ಹೋಗ್ತಿ" ಅಂತ ಅಪ್ಪ ಎಷ್ಟ ಸಲ ಅಂದ್ರೂ ಕೊಡತಿದ್ದಿಲ್ಲ. ಮಳಿಗಾಲ ಬಂತಂದ್ರ ಸೋನಟಕ್ಕಾ ಆ ಜಾಗಾನೂ ನುಂಗಾಕ ಬರತಿತ್ತು. ಅವ್ವ ಮಾತ್ರ ಗಡ್ಡಿ ಎಬ್ಬಿಸಿ, ಬ್ಯಾರೆ ಕಡೆ ಹಚ್ಚಿ, ಮತ್ತ ಹಾದಿ ತೆರೀತಿದ್ಲು. ದಿನಾ ಬರೇ ಹಿತ್ತಲಾ ಮನಿ ಓಡಾಡೂವಾಕಿ, ಅಲ್ಲಿ ಪಾವಟಿಗಿ ಮ್ಯಾಲ ಮಾತ್ರ ಎಷ್ಟೊತ್ತಾದ್ರೂ ಕುಂದರತಿದ್ಲು. ನೀರು ಕಣ್ಣಿಗೆ ಮರಿ ಮಾಡಾಕ ಇಷ್ಟ ಬಡದಾಡಾಕಿ ಅಲ್ಲಿ ಕುಂತು ಏನ ನೋಡತಾಳ ಅಂತ ನನಗ ಒಗಟ ಆಗಿತ್ತು, ಖರೇ ಹೇಳಬೇಕಂದ್ರ ಸಿಟ್ಟೂ ಬರತಿತ್ತು. ಸಾಲಿಗೆ ಹೊತ್ತಾಗತಿತ್ತು, ನನ್ನ ಜಡಿ ಹಾಕಾಕ ಯಾರೂ ಇರತಿದ್ದಿಲ್ಲ.

ಅಪ್ಪ ಹೋದ ಮ್ಯಾಲ ಖಾನಾಪುರದ ಮನಿ ಮಾರಿದ್ವಿ. ಅವ್ವ ನಮ್ಮ ಜೋಡಿ ಬೆಳಗಾವಿಗೆ ಬಂದ್ಲು. ಇಲ್ಲಿ ನಳದ ನೀರು. ಆಕಿ ಅದನ್ನೂ ಸೋಸಿದ್ಲು, ಬಟ್ಟಿ ತೊಳದ್ಲು, ಬಟ್ಟಲಾ ಹಿಡಕೊಂಡು ಅಡಗಿ ಮನಿಯಿಂದ ಗೇಟಿಗೆ, ಗೇಟಿನಿಂದ ಅಡಗಿ ಮನಿಗೆ ಅಡ್ಡಾಡಿದ್ಲು. ದಿನಾ ಅದ. "ನಳದ ನೀರಾಗ ಯಾವ ಜೀವ ಇರತಾವ ಬೇ, ಮೋರಿಗೆ ಚೆಲ್ಲು" ಅಂತ ಒಂದು ದಿನಾ ರೇಗಿದ್ನಿ. ಅವ್ವ ಬಟ್ಟಲಾ ಎದಿಗೆ ಹಿಡಕೊಂಡ್ಲು.

"ಬಾಬು ಯಾವ ಜೀವ ಆಗಿ ಹುಟ್ಟ್ಯಾನೋ ಯಾರ ಬಲ್ಲರು. ಇದರಾಗ ಇದ್ರ? ಎಲ್ಲಿ ಬಿಡ್ಲಿ ನಾ ಅವನ್ನ?"

ಖಾನಾಪುರದ ಹೊಂಡ ಮುಚ್ಚಿ ಆಗಲೇ ಕಟ್ಟಡ ಎದ್ದಿತ್ತು. ಆಕಿಗೆ ಹೇಳಿರಲಿಲ್ಲ. ಅವತ್ತ ಹೊಂಡದ್ದು ಕೇಳಿದ್ಲು, ಹೇಳಿದ್ನಿ. ಸೋನಟಕ್ಕಾ? ಅಂದ್ಲು. ಅದೂ ಹೋತು ಅಂದ್ನಿ. ಆಮ್ಯಾಲ ತುಳಸಿ ಕಟ್ಟಿ ಇಲ್ಲದ ನಮ್ಮ ಅಂಗಳದಾಗ ಒಂದು ಕುಂಡ್ಯಾಗ ನೀರು ತುಂಬಿಸಿ ಇಟ್ನಿ. ಅದರಾಗ ಬಿಡತಿದ್ಲು, ಆದ್ರ ಮನಸ್ಸ ಒಪ್ಪಿರಲಿಲ್ಲ. ಸಾಯೂ ತನಕ ಆ ಅಡ್ಡಾಟ ನಿಲ್ಲಲಿಲ್ಲ.

ಮೊನ್ನೆ ನರ್ಸರಿಯಿಂದ ಗಾಡಿ ತುಂಬ ಸೋನಟಕ್ಕಾನ ತಂದ್ನಿ. ಜೋಕಾಲಿ ಮ್ಯಾಲ ಕುಂತ್ರ ನೀರು ಕಾಣಬೇಕಿತ್ತು, ಸಣ್ಣ ಗಿಡ ತರಬಾರದಿತ್ತೇನು ಅಂತ ಮಗಳು ಮಾರಿ ಸಣ್ಣ ಮಾಡಿದ್ಲು. ಹಚ್ಚಿದ್ನಿ. ಒಂದ ಮಗ್ಗಲಕ್ಕ ಜಾಗಾ ಬಿಟ್ನಿ. ಇವತ್ತ ಮುಂಜಾನೆ ಹೊಂಡದಿಂದ ಒಂದು ಕೊಡ ನೀರು ಎತ್ತಿ, ಅವ್ವನ ಹಳೀ ಬಟ್ಟಿಯೊಳಗ ಸೋಸಿ, ಬಟ್ಟಲಾ ಹಿಡಕೊಂಡು ಆ ಸಂದಿನ್ಯಾಗ ಇಳದ್ನಿ. ಹೊಂಡದ ಕಟ್ಟಿ ಮ್ಯಾಲ ಕುಂತ್ನಿ. ಅವ್ವ ಹೋಗಿ ಭಾಳ ದಿನಾ ಆತು, ಎಲ್ಲ್ಯರ ಹುಟ್ಟಿರಬೇಕು. ಬಟ್ಟಲದಾಗ ಈಗ ಇಬ್ಬರು ಇರಬಹುದು ಅಂತ ಅನಿಸಿ, ಕೈ ನೀರಿಗೆ ತಾಗೂ ತನಕ ಬಗ್ಗಿದ್ನಿ.