ಮಯೂರ್ ವಿಹಾರ್‌ನ ತಾರಸಿಯಿಂದ ಅಳಿವೆಗೆ

ದಿಲ್ಲಿಯ ಜಾಮಾ ಮಸೀದಿಯ ಹತ್ತಿರದ ಓಣಿಯಲ್ಲಿ ಮೀನಿನ ಗಾಳ ಮಾರುವ ಅಂಗಡಿಗಳಿವೆ. ನಾನು ಒಂದು ರಾಡಿನ ರೀಲು ತಿರುಗಿಸಿ ಅದರ ಸದ್ದು ಕೇಳುತ್ತಿದ್ದರೆ ಅಂಗಡಿಯವನು ನಮ್ಮ ಯಜಮಾನರನ್ನು ಕೇಳಿದ, "ಸಾಬ್, ಆಪ್ ಕೇ ಲಿಯೇ?" ತನಗಲ್ಲ ಎಂದು ಅವರು ನನ್ನ ಕಡೆ ಕೈ ತೋರಿಸಿದರು. ಕೂಡಲೇ ಅವನು ಹಗುರದ ಇನ್ನೊಂದು ರಾಡು ತೆಗೆದ. ನಾನು ಮೊದಲಿನದನ್ನೇ ತೆಗೆದುಕೊಂಡೆ. ನಾವಿದ್ದ ಮಯೂರ್ ವಿಹಾರ್‌ಗೆ ಆಗಿನ್ನೂ ಮೆಟ್ರೊ ಬಂದಿರಲಿಲ್ಲ; ಆಟೋದಿಂದ ರಾಡಿನ ತುದಿ ದಾರಿಯುದ್ದಕ್ಕೂ ಹೊರಗೆ ಚಾಚಿಕೊಂಡಿತ್ತು.

ನಾನು ಬೆಳೆದದ್ದು ಕರಾವಳಿಯಲ್ಲಿ, ಹೊಳೆ ಕಡಲು ಸೇರುವ ಅಳಿವೆಯ ಪಕ್ಕ. ಅಣ್ಣ ಗಾಳ ಹಾಕುವುದು, ನಾನು ಕೊಕ್ಕೆಗೆ ಸಿಗಡಿ ಚುಚ್ಚಿ ಕೊಡುವುದು. ಕೋಲು ಮುಟ್ಟಿದರೆ, "ಹೆಣ್ಣುಮಕ್ಕಳು ಹಿಡಿದ್ರೆ ಮೀನು ಹತ್ರ ಬರುದಿಲ್ಲ ಮಾರಾಯ್ತಿ" ಅನ್ನುತ್ತಿದ್ದ. ಕಾನ್ವೆಂಟಿನ ಸಿಸ್ಟರುಗಳು ಹೇಳಿದ್ದನ್ನೆಲ್ಲ ಒಪ್ಪಿದವಳು ನಾನು. ಅಣ್ಣನ ಆ ಮಾತನ್ನು ಮಾತ್ರ ಒಪ್ಪಲಿಲ್ಲ. ಆ ವರ್ಷ ಸರ್ಕಾರದ ಖರ್ಚಿನಲ್ಲಿ, ಎಲ್‌ಟಿಸಿ ಮೇಲೆ, ಮಗಳನ್ನೂ ಕರೆದುಕೊಂಡು ಊರಿಗೆ ಹೋಗುವುದೆಂದಾದಾಗ ಮನಸ್ಸಿನಲ್ಲೇ ಅಂದುಕೊಂಡೆ: ಈ ಸಲ ಒಂದು ಮೀನು, ನನ್ನ ಕೈಯಿಂದಲೇ.

ನಮ್ಮ ಹೌಸಿಂಗ್ ಸೊಸೈಟಿಯ ತಾರಸಿಯಲ್ಲಿ ಅಭ್ಯಾಸ ಶುರುವಾಯಿತು. ಕೊಕ್ಕೆಯ ಬದಲು ನಿಂಬೆಹಣ್ಣು ಕಟ್ಟಿ ನೀರಿನ ಟ್ಯಾಂಕಿನಾಚೆ ಎಸೆಯುತ್ತಿದ್ದೆ. ಒಮ್ಮೆ ಗಂಟು ಕಳಚಿ ಹಣ್ಣು ಕೆಳಗಿನ ಪಂಜಾಬಿ ಆಂಟಿಯ ಬಾಲ್ಕನಿಗೆ ಬಿತ್ತು. "ಹಾಯ್ ರಬ್ಬಾ! ಯಾರೋ ಟೋಟ್ಕಾ ಮಾಡಿಸಿದ್ದಾರೆ!" ನಿಂಬೆಹಣ್ಣು ಅಂದರೆ ಅವರಿಗೆ ಮಾಟವೇ. ನಾನು ರಾಡು ಹಿಡಿದೇ ಇಳಿದು ಹೋಗಿ ತೋರಿಸಿದ ಮೇಲೂ ಬಾಗಿಲಿಗೆ ಗಂಗಾಜಲ ಚಿಮುಕಿಸಿಯೇ ಒಳಗೆ ಕರೆದರು. ಮರುದಿನದಿಂದ ಆಲೂಗಡ್ಡೆ ಕಟ್ಟಿದೆ.

ಊರಲ್ಲಿ ಅಳಿವೆಯ ಆಚೆ ದಡ ಪಕ್ಷಿಧಾಮವಾಗಿತ್ತು. ನೀರಿಗಿಳಿದ ಕಾಂಡ್ಲಾ ಗಿಡಗಳ ತುಂಬ ಬೆಳ್ಳಕ್ಕಿ. ಅಲ್ಲಿಗೆ ಹೋಗುವಂತಿಲ್ಲ, ಈಚೆಯ ಕಲ್ಲುಕಟ್ಟೆಯ ಮೇಲೆ ನಿಂತು ಗಾಳ ಹಾಕಬಹುದು. ನನ್ನ ಮೊದಲ ಎಸೆತ ಹೋಗಿ ಬಿದ್ದ ದೂರ ನೋಡಿ ಅಣ್ಣ ಬೀಡಿ ಹೊತ್ತಿಸುವುದನ್ನೇ ಮರೆತ.

ಬಿಸಿಲೇರುವ ಹೊತ್ತಿಗೆ ರಾಡು ಬಾಗಿತು.

"ಕೊಡು ಇಲ್ಲಿ! ಕೆಂಬೇರಿ ಅದು, ಈಗ ಬಂಡೆ ಸಂದಿಗೆ ನುಗ್ತದೆ!" ಅಣ್ಣನ ಕೈ ಆಗಲೇ ರಾಡಿನ ಮೇಲಿತ್ತು.

"ಅಣ್ಣ, ಕೈ ತೆಗಿ."

"ತಪ್ಪಿಸ್ಕೊಂಡ್ರೆ?"

"ನನ್ನ ಕೈಯಿಂದ ತಪ್ಪಿಸ್ಕೊಳ್ಳಲಿ."

"ಮಮ್ಮಾ, ಮತ್ ದೇನಾ!" ಕೊಡಬೇಡ ಎಂದು ಹಿಂದಿನಿಂದ ಮಗಳು ಕೂಗಿದಳು.

ಅಣ್ಣ ಕೈ ತೆಗೆದ. ಮೀನು ಎಳೆದಾಗ ದಾರ ಬಿಟ್ಟೆ, ದಣಿದಾಗ ಸುತ್ತಿದೆ. ಕೊನೆಗೆ ತಾಮ್ರದ ಚೊಂಬಿನಂತೆ ಹೊಳೆಯುತ್ತ ಕಟ್ಟೆಯ ಮೇಲೆ ಬಂದು ಬಿತ್ತು.

ಮನೆಗೆ ಬರುವಾಗ ದಾರಿಯಲ್ಲೊಬ್ಬರು, "ಯಾರು ಹಿಡಿದದ್ದು?" ಎಂದು ಕೇಳಿದರು. "ನಾವು," ಅಂದ ಅಣ್ಣ. ನಾನು ನಿಂತು, "ಹಿಡಿದದ್ದು ನಾನು," ಅಂದೆ. ಮುಂದಿನ ತಿರುವಿನಲ್ಲಿ ಇನ್ನೊಬ್ಬರು ಎದುರಾದರು. ಅವರು ಬಾಯಿ ತೆರೆಯುವ ಮೊದಲೇ ಅಣ್ಣ, "ತಂಗಿ ಹಿಡಿದದ್ದು," ಅಂದ, ಸ್ವಲ್ಪ ಜೋರಾಗಿಯೇ.