ನಾನು ಬೇಡ ಅಂದ ಹುಡುಗಿ

ಎರಡು ವರ್ಷದ ಹಿಂದಿನ ಮಾತು, ಮಾವಿನ ಕಾಲ. ಶ್ರೀನಿವಾಸಪುರದಲ್ಲಿ ಮಾವಿನಕಾಯಿ ಮಂಡಿ ಶುರುವಾಯಿತೆಂದರೆ ನಮ್ಮ ಕಸುಬಿನವರಿಗೆ ತಲೆನೋವೂ ಶುರುವಾದಂತೆಯೇ. ಕಾಯಿ ಕೀಳುವುದು, ಆರಿಸುವುದು, ಕ್ರೇಟು ತುಂಬುವುದು ಅಂತ ಆ ಕಡೆಯ ಜನವೆಲ್ಲ ಹೊರಟುಬಿಡುತ್ತಾರೆ. ಕಾರ್ಖಾನೆ ಕೆಲಸಕ್ಕೆ ಬನ್ನಿ ಎಂದರೆ ತಿರುಗಿಯೂ ನೋಡುವುದಿಲ್ಲ. ನಾನು ಕೋಲಾರದ ಒಂದು ಏಜೆನ್ಸಿಯಲ್ಲಿದ್ದೇನೆ. ಮಾಲೂರು ಸುತ್ತಮುತ್ತಲ ಕಾರ್ಖಾನೆಗಳಿಗೆ ಗುತ್ತಿಗೆಯ ಮೇಲೆ ಕೆಲಸಗಾರರನ್ನು ಹುಡುಕಿ ಕಳಿಸುವುದು ನಮ್ಮ ಉದ್ಯೋಗ. ಸುಗಟೂರಿನಲ್ಲಿರುವ ನನ್ನ ಅತ್ತೆಗೆ ಇದು ಇವತ್ತಿಗೂ ಅರ್ಥವಾಗಿಲ್ಲ. "ಬೇರೆಯವ್ರಿಗೆ ಕೆಲಸ ಹುಡುಕೋದೇ ನಿನ್ ಕೆಲಸಾನಾ? ಮೊದ್ಲು ನಿಂಗೊಂದು ಒಳ್ಳೇದು ಹುಡುಕ್ಕೊಳ್ಳೇ" ಎನ್ನುತ್ತಾರೆ.

ಆ ವಾರ ಒಂದು ಎಲೆಕ್ಟ್ರಾನಿಕ್ಸ್ ಕಾರ್ಖಾನೆಗೆ ಸೋಮವಾರದೊಳಗೆ ಹುಡುಗಿಯರು ಬೇಕಿತ್ತು. ನಮ್ಮ ಮ್ಯಾನೇಜರ್ ಬೆಳಿಗ್ಗೆ ಸಂಜೆ ಒಂದೇ ರಾಗ ಹಾಡುತ್ತಿದ್ದರು. ಶ್ರೀನಿವಾಸಪುರ ಕೈಬಿಟ್ಟಿತು, ಸರಿ, ಮುಳಬಾಗಿಲು ದಾಟಿ ಆಂಧ್ರದ ಗಡಿ ಕಡೆ ಹೋಗೋಣ ಎಂದುಕೊಂಡೆ. ಅಲ್ಲಿನ ಒಂದು ಊರಿನ ಹಾಲಿನ ಡೇರಿ ಸೆಕ್ರೆಟರಿ ಫೋನಿನಲ್ಲಿ ಪರಿಚಯ. "ಬನ್ನಿ ಮೇಡಮ್, ನಮ್ಮೂರಲ್ಲಿ ಪಿಯುಸಿ ಮುಗಿಸಿ ಮನೇಲಿರೋ ಹುಡುಗೀರು ಬೇಕಾದಷ್ಟು ಅವ್ರೆ. ಡೇರಿ ಜಗುಲೀಲಿ ಕೂತ್ಕೊಂಡು ಮಾತಾಡಿ" ಎಂದಿದ್ದರು.

ಆ ಕೆಲಸಕ್ಕೆ ಹುಡುಗಿಯರನ್ನು ಆರಿಸುವ ಕ್ರಮವೇ ಬೇರೆ. ಓದಿಗಿಂತ ಮೈ ಕೈ ನೋಡುವುದು ಹೆಚ್ಚು. ಇಡೀ ಪಾಳಿ ನಿಂತೇ ಕೆಲಸ ಮಾಡಬೇಕು, ಮೇಜು ಎತ್ತರ, ಹಾಗಾಗಿ ಟೇಪು ಹಿಡಿದು ಎತ್ತರ ಅಳೆಯಬೇಕು. ಬಣ್ಣದ ಚುಕ್ಕಿಗಳ ಕಾಗದ ತೋರಿಸಿ ಕಣ್ಣು ಪರೀಕ್ಷಿಸಬೇಕು. ಮುಂದಿನಿಂದ ಒಂದು, ಪಕ್ಕದಿಂದ ಒಂದು ಫೋಟೋ ತೆಗೆಯಬೇಕು. ಕೊನೆಗೆ ಅಂಗೈ ಹಿಡಿದು ನೋಡಬೇಕು. ಕೆಲವರಿಗೆ ಹುಟ್ಟಿನಿಂದಲೇ ಕೈ ಬೆವರುತ್ತಿರುತ್ತದೆ. ಅಂಥವರು ಮುಟ್ಟಿದರೆ ಸಣ್ಣ ಸಣ್ಣ ಭಾಗಗಳಿಗೆ ತುಕ್ಕು ಹಿಡಿಯುತ್ತದೆ ಎಂದು ಆ ಕಾರ್ಖಾನೆಯವರು ಬಿಲ್‌ಕುಲ್ ಒಪ್ಪುವುದಿಲ್ಲ. ಇದನ್ನೆಲ್ಲ ನಾವು ಕೋಲಾರದ ಆಫೀಸಿಗೆ ಕರೆಸಿ, ಬಾಗಿಲು ಹಾಕಿಕೊಂಡು ಮಾಡುತ್ತೇವೆ. ಅವತ್ತು ಮಾತ್ರ ಸಮಯ ಉಳಿಯಲಿ ಎಂದು ಆ ಊರಿನಲ್ಲೇ ಮಾಡಿ, ಆದವರನ್ನು ಅದೇ ವ್ಯಾನಿನಲ್ಲಿ ಕರೆದುಕೊಂಡು ಬಂದು ಮೆಡಿಕಲ್ ಮುಗಿಸಿ ಸಂಜೆಗೆ ವಾಪಸ್ ಬಿಡೋಣ ಎಂದು ಲೆಕ್ಕ ಹಾಕಿದೆ. ಭಾರಿ ಬುದ್ಧಿವಂತೆ ನಾನು!

ಡ್ರೈವರ್ ನಯಾಜ್ ಭಾಯಿ ಮತ್ತು ನಾನು ಊರು ಸೇರಿದಾಗ ಬಿಸಿಲು ನೆತ್ತಿಗೇರುತ್ತಿತ್ತು. ಡೇರಿಯ ಬಾಗಿಲಿಗೆ ಬೀಗ. ಸೆಕ್ರೆಟರಿಗೆ ಫೋನ್ ಮಾಡಿದರೆ, "ಮುಳಬಾಗಿಲಲ್ಲಿ ಒಂದು ಮದುವೆಗೆ ಬಂದಿದ್ದೀನಿ ಮೇಡಮ್, ಊಟ ಮುಗಿಸ್ಕೊಂಡು ಬಂದ್‌ಬಿಡ್ತೀನಿ. ನೀವು ಶುರು ಹಚ್ಕೊಳ್ಳಿ, ಹುಡುಗೀರಿಗೆ ಹೇಳಿದ್ದೀನಿ" ಎಂದರು. ಹುಡುಗಿಯರು ಬಂದೇ ಇದ್ದರು. ತಲೆ ಬಾಚಿ, ಹೂ ಮುಡಿದು, ಮಾರ್ಕ್ಸ್ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ಗೋಡೆಗೆ ಒರಗಿ ನಿಂತಿದ್ದರು. ನಾನು ಶುರು ಹಚ್ಚಿಕೊಂಡೆ.

ಮೊದಲು ಎಲ್ಲ ನಗುನಗುತ್ತಲೇ ನಡೆಯಿತು. ಭವಾನಿ ಎಂಬ ಹುಡುಗಿ ಚುಕ್ಕಿಗಳನ್ನು ಪಟಪಟ ಹೇಳಿ, ಎತ್ತರದಲ್ಲೂ ಪಾಸಾಗಿ, ಕುಣಿಯುತ್ತಾ ಆ ಕಡೆ ನಿಂತಳು. ಅವಳ ಹಿಂದೆ ರೇಣುಕ. ನೋಡಲು ಚುರುಕು, ಮಾತು ನೆಟ್ಟಗೆ. ಕೈ ಹಿಡಿದರೆ ನೀರಿನಲ್ಲಿ ಅದ್ದಿ ತೆಗೆದ ಹಾಗಿತ್ತು. "ಬಿಸಿಲಕ್ಕಾ" ಎಂದು ಚೂಡಿದಾರಕ್ಕೆ ಒರೆಸಿಕೊಂಡು ಮತ್ತೆ ಚಾಚಿದಳು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಕತೆ. ನಾನು ಯಾರಿಗೂ ಕೇಳಿಸದ ಹಾಗೆ, "ಕೈ ಬೆವರುತ್ತಲ್ಲಮ್ಮಾ, ಅವ್ರು ತಗೊಳ್ಳಲ್ಲ" ಎಂದೆ. ಅವಳ ಮುಖ ಸಣ್ಣಗಾಯಿತು. "ಇನ್ನೊಂದ್ ಸಲ ನೋಡಿ ಅಕ್ಕಾ, ನಿಮ್ ಕಾಲಿಗೆ ಬೀಳ್ತೀನಿ. ಕೈ ಹಿಂಗೆ ಅಂತ ಮನೇಲಿ ಯಾರಿಗೂ ಗೊತ್ತಿಲ್ಲ, ಹೇಳ್‌ಬೇಡಿ" ಎಂದು ಪಿಸುಗುಟ್ಟಿದಳು. "ನಾನ್ಯಾಕೆ ಹೇಳ್ಲಿ, ಹೋಗಮ್ಮ" ಎಂದೆ. ಅವಳು ಮನೆಗೆ ಹೋಗದೆ ಗೋಡೆ ಪಕ್ಕದಲ್ಲೇ ಕೂತಳು.

ಎದುರಿನ ಅರಳಿಕಟ್ಟೆಯ ಮೇಲೆ ಒಬ್ಬ ಮುದುಕಿ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಆಗಿನಿಂದ ನಮ್ಮನ್ನೇ ನೋಡುತ್ತಿದ್ದಳು. ಇದ್ದಕ್ಕಿದ್ದಂತೆ ಗಟ್ಟಿಯಾಗಿ ಅಂದಳು: "ಇದೇನ್ರೇ ಇದು, ಸಂತೇಲಿ ಕುರಿ ನೋಡ್ದಂಗೆ ನೋಡ್ತಾವ್ಳೆ ಈವಮ್ಮ!"

ಅಷ್ಟೇ ಸಾಕಾಯಿತು. ಆ ವಾರ ಎಲ್ಲರ ಫೋನಿನಲ್ಲೂ ಒಂದು ವಿಡಿಯೋ ಓಡಾಡುತ್ತಿತ್ತು. ಕೆಲಸ ಕೊಡಿಸುತ್ತೇವೆಂದು ಹೆಂಗಸರು ವ್ಯಾನಿನಲ್ಲಿ ಬಂದು ಹುಡುಗಿಯರನ್ನು ಎತ್ತಿಕೊಂಡು ಹೋಗಿ ಕಿಡ್ನಿ ತೆಗೆಯುತ್ತಾರಂತೆ. ನಮ್ಮ ಆಫೀಸಿನಲ್ಲೂ ಅದನ್ನು ನೋಡಿ ನಕ್ಕಿದ್ದೆವು. ಟೀ ಅಂಗಡಿಯಿಂದ ಒಬ್ಬ ಬಂದ, ಟ್ರಾಕ್ಟರ್ ನಿಲ್ಲಿಸಿ ಇನ್ನೊಬ್ಬ ಬಂದ, ನೋಡುನೋಡುತ್ತಲೇ ಜಗುಲಿಯ ಮುಂದೆ ಕಾಲಿಡಲು ಜಾಗವಿಲ್ಲ.

ಟ್ರಾಕ್ಟರಿನವನೇ ಮುಂದಾಳು, ಹೆಸರು ನಾಗರಾಜ. "ಎವರಮ್ಮಾ ನುವ್ವು? ಆಡಪಿಲ್ಲಲ್ನಿ ಯಾಡಿಕಿ ತೀಸ್ಕೊನಿ ಪೋತಾವು?" ಎಂದ. ಯಾರು ನೀನು, ಹೆಣ್ಣುಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗ್ತೀಯ ಎಂದು. ನಾನು ಕತ್ತಿನಲ್ಲಿದ್ದ ಗುರುತಿನ ಚೀಟಿ ತೋರಿಸಿದೆ. "ಇಂಥವು ಜೆರಾಕ್ಸ್ ಅಂಗಡೀಲಿ ಬೇಕಾದಷ್ಟು ಮಾಡ್ಕೊಡ್ತಾರೆ" ಎಂದ ಇನ್ನೊಬ್ಬ. ಸೆಕ್ರೆಟರಿಗೆ ಫೋನ್ ಹಚ್ಚಿದೆ, ಎತ್ತಲಿಲ್ಲ. ಮದುವೆ ಮನೆಯ ಗಲಾಟೆಯಲ್ಲಿ ಎಲ್ಲಿ ಕೇಳಿಸಬೇಕು!

ಇಂಥ ಹೊತ್ತಲ್ಲಿ ಬಾಯಿ ಮುಚ್ಚಿಕೊಂಡಿರಬೇಕು. ನನ್ನ ಬಾಯಿ ಹುಟ್ಟಿದಾಗಿನಿಂದ ಸುಮ್ಮನಿದ್ದದ್ದಿಲ್ಲ. "ನಿಮ್ಮೂರ ಹುಡುಗೀರನ್ನ ಎತ್ಕೊಂಡ್ ಹೋಗಿ ನಾನೇನ್ ಉಪ್ಪಿನಕಾಯಿ ಹಾಕ್ಲಾ?" ಎಂದುಬಿಟ್ಟೆ. ಜನ ಹೋ ಎಂದು ಮೇಲೆ ಬಿದ್ದರು. ವ್ಯಾನಿನ ಪಕ್ಕದಿಂದ ನಯಾಜ್ ಭಾಯಿ, "ಮೇಡಮ್, ಕುಚ್ ನಕ್ಕೋ ಬೋಲೋ!" ಎಂದು ಕೂಗಿದರು. ಏನೂ ಮಾತಾಡಬೇಡಿ ಎಂದು. ಅಷ್ಟರಲ್ಲಿ ನಾಗರಾಜ ವ್ಯಾನಿನ ಕೀ ಕಿತ್ತುಕೊಂಡಾಗಿತ್ತು.

"ನಿಮ್ ಆಫೀಸಿಗೆ ಫೋನ್ ಮಾಡು, ಸ್ಪೀಕರ್ ಹಾಕು" ಎಂದರು. ಬದುಕಿದೆ ಎಂದುಕೊಂಡು ಮ್ಯಾನೇಜರ್‌ಗೆ ಮಾಡಿದೆ. ನಾನು ಬಾಯಿ ತೆರೆಯುವ ಮುಂಚೆ ಅವರೇ ಶುರು ಮಾಡಿದರು: "ಏನಮ್ಮಾ, ಎಷ್ಟ್ ಜನ ಹುಡುಗೀರು ಸಿಕ್ಕಿದ್ರು? ಗಾಡಿ ತುಂಬ್ಕೊಂಡೇ ಬರ್ಬೇಕು ನೋಡು, ಪಾರ್ಟಿ ಕಾಯ್ತಾ ಇದೆ." ನಮ್ಮ ಆಫೀಸಿನಲ್ಲಿ ದಿನಾ ಆಡುವ ಮಾತು ಅದು. ಪಾರ್ಟಿ ಎಂದರೆ ಕಾರ್ಖಾನೆಯವರು. ಅಲ್ಲಿ ಯಾರಿಗೆ ಹೇಳಲಿ ಅದನ್ನ? ಯಾರೋ ಫೋನು ಕಿತ್ತುಕೊಂಡರು. ಒಂದು ಕಲ್ಲು ಬಂದು ವ್ಯಾನಿನ ಕನ್ನಡಿ ಚೂರಾಯಿತು. ಇಬ್ಬರು ನಯಾಜ್ ಭಾಯಿಯ ಕೊರಳಪಟ್ಟಿ ಹಿಡಿದು ಎಳೆದು ಕೆನ್ನೆಗೆ ಬಾರಿಸಿದರು. ಆ ಮನುಷ್ಯ ಕೈ ಮುಗಿದುಕೊಂಡೇ ಇದ್ದರು. "ಅಣ್ಣಾ, ಬಾಡಿಗೆ ಗಾಡಿ ಅಣ್ಣಾ, ಮಕ್ಕಳೊಂದಿಗ ನಾನು" ಎಂದರೂ ಮಾತು ಮುಗಿಸಲು ಬಿಡಲಿಲ್ಲ.

ಹಿಂದೆ ಡೇರಿಯ ಗೋಡೆ, ಮುಂದೆ ಜನ, ಓಡಲು ದಾರಿಯಿಲ್ಲ. ಯಾರೋ ಹಗ್ಗ ತನ್ನಿ ಎಂದರು, ಕಂಬಕ್ಕೆ ಕಟ್ಟಿಹಾಕಲು. ಒಬ್ಬ ಹೆಂಗಸು ನನ್ನ ಜಡೆಗೆ ಕೈ ಹಾಕಿದಳು. ಮುಗೀತು ಎಂದುಕೊಂಡೆ. ಮಗಳನ್ನು ಸ್ಕೂಲಿನಿಂದ ಯಾರು ಕರೆತರುತ್ತಾರೆ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

"ಚಿನ್ನಾಯ್ನಾ, ಆಗು!"

ನಿಲ್ಲು ಚಿಕ್ಕಪ್ಪಾ ಎಂದು ಕೂಗಿ ರೇಣುಕ ಎದ್ದು ನಿಂತಿದ್ದಳು. ನಾಗರಾಜ ಅವಳಿಗೆ ಚಿಕ್ಕಪ್ಪನಾಗಬೇಕಂತೆ. "ನೀನ್ ಸುಮ್ನಿರೇ" ಎಂದು ಅವನು ಗದರಿದ. ಅವಳು ಸುಮ್ಮನಿರಲಿಲ್ಲ. "ಎತ್ಕೊಂಡ್ ಹೋಗೋಳಾಗಿದ್ರೆ ನನ್ನ ಯಾಕ್ ಬೇಡ ಅಂದ್ಲು? ನಾನು ಬರ್ತೀನಿ, ಬರ್ತೀನಿ ಅಂತ ಕಾಲು ಹಿಡ್ಕೊಂಡೆ. ಆಗಲ್ಲ ಹೋಗು ಅಂದ್ಲು."

ಗದ್ದಲ ಒಂದು ಗಳಿಗೆ ತಗ್ಗಿತು. ಕಟ್ಟೆಯ ಮುದುಕಿ ಮಾತ್ರ ಬಿಡಲಿಲ್ಲ. "ಕುರಿ ಕದಿಯೋನೂ ಆರ್ಸಿ ತಾನೆ ಕದಿಯೋದು?" ಎಂದಳು. ಹೌದು ಹೌದು ಎಂದು ಮತ್ತೆ ಕೂಗೆದ್ದಿತು. ನನ್ನ ಜಡೆ ಹಿಡಿದ ಕೈ ಮತ್ತೆ ಬಿಗಿಯಾಯಿತು.

ರೇಣುಕ ಒಮ್ಮೆ ನನ್ನ ಕಡೆ ನೋಡಿದಳು. ಆಮೇಲೆ ಎರಡೂ ಕೈ ಮೇಲೆತ್ತಿ, ಅಂಗೈ ಜನರ ಕಡೆ ತಿರುಗಿಸಿದಳು. "ಯಾಕ್ ಬೇಡ ಅಂದ್ಲು ಅಂತ ಕೇಳ್ರಿ ಮತ್ತೆ! ನನ್ ಕೈ ಬೆವರುತ್ತೆ. ಚಿಕ್ಕೋಳಿದ್ದಾಗಿಂದ ಬೆವರುತ್ತೆ, ಯಾವಾಗ್ಲೂ ಬೆವರುತ್ತೆ. ಕಂಪನೀಲಿ ಮುಟ್ಟಿದ್ದೆಲ್ಲ ತುಕ್ಕು ಹಿಡಿಯುತ್ತಂತೆ. ಕಿಡ್ನಿ ತೆಗೆಯೋರ್ಗೆ ಕೈ ಬೆವರಿದ್ರೇನು, ಕಾಲು ಬೆವರಿದ್ರೇನು? ಮುಟ್ಟಿ ನೋಡು ಚಿನ್ನಾಯ್ನಾ, ಮುಟ್ಟಿ ನೋಡು!"

ನಾಗರಾಜ ಅವಳ ಕೈ ಹಿಡಿದ. ಹಿಡಿದವನೇ ತನ್ನ ಕೈಯನ್ನು ಲುಂಗಿಗೆ ಒರೆಸಿಕೊಂಡ. ಹಿಂದೆ ಯಾರೋ ಕಿಸಕ್ಕನೆ ನಕ್ಕರು. "ಅಯ್ಯೋ, ಇದ್ಯಾವ ರೋಗಾನೇ?" ಎಂದು ಒಬ್ಬಳು ರಾಗ ಎಳೆದಳು. ರೇಣುಕಳ ಕಿವಿ ಕೆಂಪಾಗಿತ್ತು, ಆದರೂ ಕೈ ಕೆಳಗಿಳಿಸಲಿಲ್ಲ. ಅವಳ ಧೈರ್ಯ ನೋಡಿ ಉಳಿದ ಹುಡುಗಿಯರಿಗೂ ಬಾಯಿ ಬಂತು. ಒಬ್ಬಳು ಚುಕ್ಕಿಯ ಕಾಗದ ಹಿಡಿದು ವಿವರಿಸಿದಳು, ಇನ್ನೊಬ್ಬಳು ತನ್ನ ಅತ್ತಿಗೆಯನ್ನು ಮಾಲೂರಿನಲ್ಲಿ ಹೀಗೇ ಅಳೆದು ತೆಗೆದುಕೊಂಡರು ಎಂದಳು. ಭವಾನಿ ಅಳುತ್ತಾ ನನ್ನ ಪಕ್ಕ ಬಂದು ನಿಂತಳು. ಜಡೆ ಹಿಡಿದಿದ್ದ ಕೈ ಸಡಿಲವಾಯಿತು. ಜನ ಒಬ್ಬೊಬ್ಬರಾಗಿ ಹಿಂದೆ ಸರಿದರು. ನಾಗರಾಜ ಕೀ, ಫೋನು ಎರಡನ್ನೂ ಕೊಟ್ಟು, "ಊರಲ್ಲಿ ಒಂದ್ ಮಾತು ಹೇಳಿ ಬರ್ಬೇಕಮ್ಮಾ, ಕಾಲ ಸರಿಯಿಲ್ಲ" ಎಂದ. ಈ ಸಲ ನಾನು ಬಾಯಿ ಬಿಡಲಿಲ್ಲ.

ನಯಾಜ್ ಭಾಯಿ ನಲ್ಲಿಯ ಹತ್ತಿರ ಮುಖ ತೊಳೆದುಕೊಳ್ಳುತ್ತಿದ್ದರು. ಸೆಕ್ರೆಟರಿ ಸಾಹೇಬರು ಮದುವೆಯ ತಾಂಬೂಲ ಜಗಿಯುತ್ತಾ ಗಾಡಿಯಲ್ಲಿ ಬಂದಿಳಿದು, "ಏನ್ ಮೇಡಮ್, ಎಲ್ಲಾ ಚೆನ್ನಾಗಾಯ್ತಾ?" ಎಂದರು. ಆ ಪುಣ್ಯಾತ್ಮನಿಗೆ ಎರಡು ಬಿಡಬೇಕು ಅನ್ನಿಸಿತು. ಬಿಡಲು ಕೈಯಲ್ಲಿ ಶಕ್ತಿ ಇರಲಿಲ್ಲ.

ವ್ಯಾನು ಹತ್ತುವ ಮುಂಚೆ ರೇಣುಕಳನ್ನು ಪಕ್ಕಕ್ಕೆ ಕರೆದೆ. "ನಿನ್ನ ಬೇಡ ಅಂದೋಳು ನಾನು. ನನ್ನ ಯಾಕಮ್ಮಾ ಬಿಡಿಸ್ದೆ?" ಎಂದೆ.

"ನಿಮ್ಗೋಸ್ಕರ ಅಲ್ಲಕ್ಕಾ" ಎಂದಳು, ಸ್ವಲ್ಪ ಸಿಟ್ಟಿನಲ್ಲೇ. "ಇವತ್ತು ನಿಮ್ಗೆ ಹೊಡೆದ್ರೆ ನಾಳೆಯಿಂದ ಕಂಪನಿ ಬಸ್ಸು ನಮ್ಮೂರ ಕಡೆ ಬರುತ್ತಾ? ಭವಾನಿ ನನ್ ತಂಗಿ. ಅವಳು ಪಾಸಾಗವ್ಳೆ. ಅವಳ ಕೆಲಸ ಹೋಗ್ಬಾರ್ದು."

ಅವಳ ತಲೆ ಸವರಿ ವ್ಯಾನು ಹತ್ತಿದೆ. ಮೆಡಿಕಲ್ ಆಮೇಲೆ ಮಾಡಿಸಿದರಾಯಿತು ಎಂದು ಅವತ್ತು ಹುಡುಗಿಯರನ್ನು ಯಾರನ್ನೂ ಜೊತೆಗೆ ಹತ್ತಿಸಿಕೊಳ್ಳಲಿಲ್ಲ.

ಸೋಮವಾರ ಬಸ್ಸು ಆ ಊರಿಗೆ ಹೋಯಿತು. ಆಯ್ಕೆಯಾದ ಹುಡುಗಿಯರೆಲ್ಲ ಬಂದರು, ಭವಾನಿಯೂ ಬಂದಳು. ನಾನು ಮ್ಯಾನೇಜರ್ ಜೊತೆ ದೊಡ್ಡ ಜಗಳವನ್ನೇ ಆಡಿದೆ. ಈಗ ನಮ್ಮವರು ಮೊದಲು ಪಂಚಾಯ್ತಿಯಲ್ಲಿ ಹೇಳದೆ ಯಾವ ಊರಿಗೂ ಹೋಗುವುದಿಲ್ಲ, ಹುಡುಗಿಯರನ್ನು ಬೀದಿಯಲ್ಲಿ ನಿಲ್ಲಿಸಿ ಅಳೆಯುವುದಿಲ್ಲ. ರೇಣುಕಳಿಗೂ ಪ್ರಯತ್ನಪಟ್ಟೆ. ಒಂದು ಗಾರ್ಮೆಂಟ್ಸಿನಲ್ಲಿ ಕೇಳಿದೆ, ಬಟ್ಟೆಗೆ ಕಲೆಯಾಗುತ್ತದೆ ಎಂದರು. ಒಂದು ಪ್ಯಾಕಿಂಗ್ ಕಡೆ ನೋಡೋಣ ಎಂದಿದ್ದಾರೆ, ಇನ್ನೂ ನೋಡುತ್ತಲೇ ಇದ್ದಾರೆ.

ಕಳೆದ ತಿಂಗಳು ಕಾರ್ಖಾನೆಯ ಗೇಟಿನಲ್ಲಿ ಭವಾನಿ ಸಿಕ್ಕಿದಳು. ಮೈ ತುಂಬಿಕೊಂಡಿದ್ದಾಳೆ, ಕೈಗೆ ಹೊಸ ವಾಚು ಬಂದಿದೆ. ಅಕ್ಕ ಹೇಗಿದ್ದಾಳೆ ಎಂದು ಕೇಳಿದೆ.

"ನೋಡೋಕೆ ಬಂದಿದ್ರಕ್ಕಾ, ಪುಂಗನೂರು ಕಡೆಯೋರು. ಕಾಫಿ ಕುಡಿಯೋವರೆಗೂ ಎಲ್ಲಾ ಚೆನ್ನಾಗೇ ಇತ್ತು. ಆಮೇಲೆ ಹುಡುಗನ ಅಮ್ಮ, ಡೇರಿ ಮುಂದೆ ಕೈ ಎತ್ತಿ ತೋರಿಸಿದ್ಲಂತಲ್ಲ, ಆ ಹುಡುಗೀನಾ ಇವಳು ಅಂತ ಕೇಳಿದ್ರು. ಹಿಂಗೆ ಕೇಳಿದೋರಲ್ಲಿ ಇವ್ರು ಮೂರನೆಯೋರು. ಅಕ್ಕ ಹೌದು ನಾನೇ ಅಂದ್ಲು. ಎದ್ದು ಹೋದ್ರು." ಹೇಳುತ್ತಾ ಹೇಳುತ್ತಾ ಭವಾನಿ ನಕ್ಕಳು. "ಅಕ್ಕಂಗೇನೂ ಬೇಜಾರಿಲ್ಲ ಬಿಡಿ, ಹೋದ್ರೆ ಹೋಗ್ಲಿ ಅಂತಾಳೆ."

ಪಾಳಿಯ ಸೈರನ್ ಆಗಿ ಅವಳು ಒಳಗೆ ಓಡಿದಳು. ನಾನು ಗೇಟಿನ ಹೊರಗೆ ನಿಂತೇ ಇದ್ದೆ. ನನಗೆ ನಗು ಬರಲಿಲ್ಲ. ಮನೆಯವರಿಗೂ ಗೊತ್ತಿಲ್ಲ, ಹೇಳಬೇಡಿ ಎಂದು ನನ್ನ ಹತ್ತಿರ ಬೇಡಿಕೊಂಡಿದ್ದ ವಿಷಯವದು. ನಾನು ಯಾರಿಗೂ ಹೇಳುತ್ತಿರಲಿಲ್ಲ. ನಮ್ಮನ್ನು ಉಳಿಸಲು ಅವಳೇ ಊರಿಗೆಲ್ಲ ಹೇಳಬೇಕಾಯಿತು.